ಪಕ್ಕದ ಓಣಿಯವರ ಮೇಲೆಯೇ ಯಾಕೆ ಸಿಟ್ಟು?

(ಆಟದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ದೈಹಿಕ ಶಿಕ್ಷಕ, ಹಳೆಯ ಫುಟ್‌ಬಾಲ್ ರೆಫರಿ ಉತ್ತರಿಸುತ್ತಾರೆ)

ಪ್ರಶ್ನೆ: ಸರ್, ನಮ್ಮಣ್ಣ ತೋರಣಗಲ್ಲಿನಲ್ಲಿ ಕೆಲಸ ಮಾಡ್ತಾನೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ರಾತ್ರಿ ಮೊಬೈಲಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡ್ತಾನೆ, ಬೆಳಗ್ಗೆ ಎದ್ದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್. "ಅಮೆರಿಕದವರು ಎದುರು ತಂಡದ ಜರ್ಸಿ ಹಾಕಿದವರ ಪಕ್ಕದಲ್ಲೇ ಕೂತು ಪಾಪ್‌ಕಾರ್ನ್ ತಿಂತಾರೆ, ಫುಟ್‌ಬಾಲ್‌ನವರೆಲ್ಲ ಗೂಂಡಾಗಳು" ಅಂತಾನೆ. ನಿಜವಾ?
– ಬಿ.ಕಾಂ. ವಿದ್ಯಾರ್ಥಿನಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ನಿಮ್ಮಣ್ಣ ಕಣ್ಣಾರೆ ಕಂಡದ್ದು ಸುಳ್ಳಲ್ಲ, ತಂಗಿ. ಇಂಗ್ಲೆಂಡಿನಲ್ಲಿ ಹೊರಗಿನಿಂದ ಬಂದ ಅಭಿಮಾನಿಗಳನ್ನು ಬೇರೆಯೇ ಮೂಲೆಯಲ್ಲಿ ಕೂರಿಸುತ್ತಾರೆ, ನಡುವೆ ಸಿಬ್ಬಂದಿ ಸಾಲಾಗಿ ನಿಲ್ಲುತ್ತಾರೆ. ಅರ್ಜೆಂಟೀನಾದಲ್ಲಂತೂ 2013ರಲ್ಲಿ ಹೊರಗಿನ ತಂಡದ ಅಭಿಮಾನಿಗಳಿಗೆ ಮೈದಾನದ ಬಾಗಿಲನ್ನೇ ಮುಚ್ಚಿದರು. ಅಮೆರಿಕದಲ್ಲಿ ಹೆಚ್ಚಿನ ಕಡೆ ಎಲ್ಲರೂ ಕಲೆತು ಕೂರುತ್ತಾರೆ. ಆದರೆ "ಎಲ್ಲ ಗೂಂಡಾಗಳು" ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಪ್ರೇಕ್ಷಕರೆಂದರೆ ಗೂಂಡಾಗಳು ಎಂದುಕೊಂಡು ಮೈದಾನಕ್ಕೆ ಬೇಲಿ ಹಾಕಿದ್ದರಿಂದಲೇ ಜನ ಸತ್ತಿದ್ದಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ದೂರದ ಲೆಕ್ಕ ನೋಡಿ. ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ಇರುವ ದೂರ ಹೆಚ್ಚುಕಡಿಮೆ ಬಳ್ಳಾರಿಯಿಂದ ಹೊಸಪೇಟೆಗೆ ಇರುವಷ್ಟೇ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್ ಮತ್ತು ರೇಂಜರ್ಸ್ ತಂಡಗಳು ಒಂದೇ ಊರಿನವು. ಒಂದು ಕಡೆ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ಮನೆತನಗಳು, ಇನ್ನೊಂದು ಕಡೆ ಪ್ರಾಟೆಸ್ಟೆಂಟರು. ಅಮೆರಿಕದಲ್ಲಿ ಡಲ್ಲಾಸ್ ಮತ್ತು ಫಿಲಡೆಲ್ಫಿಯಾ ಹಳೆಯ ವೈರಿಗಳೇ, ಆದರೆ ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರ್. ವಿಮಾನದ ಟಿಕೆಟ್ ಕೊಂಡು ಬರುವವರು ಕುಟುಂಬ ಕಟ್ಟಿಕೊಂಡು ಬರುತ್ತಾರೆ, ಜಗಳಕ್ಕೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಹುಡುಗರು ಅಗ್ಗದ ರೈಲು ಹತ್ತಿ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದರು. ಹೊಡೆದಾಟಕ್ಕೆಂದೇ ಕಟ್ಟಿಕೊಂಡ ಗುಂಪುಗಳೂ ಇದ್ದವು. ವೆಸ್ಟ್ ಹ್ಯಾಮ್ ತಂಡದ ಒಂದು ಗುಂಪಿಗೆ 'ಇಂಟರ್ ಸಿಟಿ ಫರ್ಮ್' ಎಂಬ ಹೆಸರು ಬಂದದ್ದೇ ಅವರು ಓಡಾಡುತ್ತಿದ್ದ ರೈಲಿನಿಂದ.

ಇದು ದಾಯಾದಿ ಮತ್ಸರದ ಹಾಗೆ. ನಮ್ಮೂರಲ್ಲೇ ನಾನು ಸೀಟಿ ಹಿಡಿದು ನಿಂತಿದ್ದ ಪಂದ್ಯಗಳಲ್ಲಿ ರಾಯಚೂರಿನಿಂದ, ಗುಂತಕಲ್ಲಿನಿಂದ ತಂಡ ಬಂದರೆ ಜನ ಅವರಿಗೂ ಚಪ್ಪಾಳೆ ತಟ್ಟಿ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಎರಡು ಪಕ್ಕದ ಓಣಿಗಳು ಎದುರಾದ ದಿನ ಮಾತ್ರ ನನ್ನ ಎದೆ ಢವಢವ. ಒಮ್ಮೆ ಸಂಜೆ, ಬಿಸಿಲು ಇನ್ನೂ ಇಳಿದಿರಲಿಲ್ಲ. ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು. ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಲೈನ್ಸ್‌ಮನ್ ಹುಡುಗನನ್ನು ಒಂದು ಓಣಿಯವರು ಸುತ್ತುವರಿದು ಅವನ ಕೈಯ ಬಾವುಟ ಕಿತ್ತುಕೊಂಡರು. ಅವರಲ್ಲಿ ಒಬ್ಬ ಆ ಹುಡುಗನ ಸ್ವಂತ ಸೋದರಮಾವ! ನಾನು ಪಂದ್ಯ ನಿಲ್ಲಿಸಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮೈದಾನದ ನಡುವೆ ಕೂತುಬಿಟ್ಟೆ. ಬಾವುಟ ವಾಪಸ್ ಬಂದ ಮೇಲೆಯೇ ಎದ್ದದ್ದು.

ಇನ್ನು ಅಮೆರಿಕದವರು ಸಾಧುಗಳೇನಲ್ಲ. 1974ರ ಜೂನ್ 4ರಂದು ಕ್ಲೀವ್‌ಲ್ಯಾಂಡಿನಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಹತ್ತು ಸೆಂಟಿಗೆ ಒಂದು ಲೋಟ ಬಿಯರ್ ಮಾರಿದರು. ಕುಡಿದ ಜನ ಮೈದಾನಕ್ಕೆ ನುಗ್ಗಿ, ಪಂದ್ಯವನ್ನೇ ಎದುರು ತಂಡಕ್ಕೆ ಬಿಟ್ಟುಕೊಡಬೇಕಾಯಿತು. 2004ರ ನವೆಂಬರಿನಲ್ಲಿ ಡೆಟ್ರಾಯಿಟ್ ಹತ್ತಿರ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಇಂಡಿಯಾನಾ ತಂಡದ ಆಟಗಾರನ ಮೇಲೆ ಪ್ರೇಕ್ಷಕನೊಬ್ಬ ಲೋಟ ಎಸೆದ. ಆಟಗಾರರು ಗ್ಯಾಲರಿಗೇ ಹತ್ತಿ ಹೊಡೆದಾಡಿದರು. ಫಿಲಡೆಲ್ಫಿಯಾದ ಕ್ರೀಡಾಂಗಣದಲ್ಲಿ 1990ರ ದಶಕದ ಕೊನೆಗೆ ಪುಂಡರ ವಿಚಾರಣೆಗೆ ಅಲ್ಲೇ ಒಂದು ನ್ಯಾಯಾಲಯ ತೆರೆದಿದ್ದರು. ಕಾಲೇಜು ತಂಡಗಳ ವೈರ ಇನ್ನೂ ಆಳ. 2010ರಲ್ಲಿ ಅಲಬಾಮಾ ತಂಡದ ಅಭಿಮಾನಿಯೊಬ್ಬ ಎದುರಾಳಿ ಆಬರ್ನ್ ತಂಡದ ಊರಿನ ಹಳೆಯ ಓಕ್ ಮರಗಳಿಗೆ ವಿಷ ಹಾಕಿದ. ಗೆದ್ದಾಗಲೆಲ್ಲ ಆ ಊರಿನವರು ಸೇರುತ್ತಿದ್ದದ್ದು ಆ ಮರಗಳ ಕೆಳಗೇ. ಮರಕ್ಕೆ ವಿಷ ಹಾಕುವ ಮನಸ್ಸು ಬಂದದ್ದಾದರೂ ಹೇಗೆ ಎಂದು ಯೋಚಿಸಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಬೇಲಿಯ ವಿಷಯಕ್ಕೆ ಬರುತ್ತೇನೆ. 1985ರ ಮೇ 29, ಬ್ರಸೆಲ್ಸಿನ ಹೈಸೆಲ್ ಮೈದಾನ. ಲಿವರ್‌ಪೂಲಿನ ಕೆಲ ಪುಂಡರು ಇಟಲಿಯ ಯುವೆಂಟಸ್ ತಂಡದ ಅಭಿಮಾನಿಗಳ ಮೇಲೆ ನುಗ್ಗಿದರು. ಹಿಂದೆ ಸರಿದ ಜನರ ಭಾರಕ್ಕೆ ಹಳೆಯ ಗೋಡೆ ಕುಸಿಯಿತು. 39 ಜನ ಸತ್ತರು. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಐದು ವರ್ಷ ಯುರೋಪಿನಲ್ಲಿ ಆಡಲು ಬಿಡಲಿಲ್ಲ. ಅದು ಪುಂಡಾಟವೇ, ಸಂಶಯವಿಲ್ಲ. ಅಲ್ಲಿಂದ ಇಂಗ್ಲೆಂಡಿನ ಪೊಲೀಸರ ಕಣ್ಣಿಗೆ ಪ್ರತಿಯೊಬ್ಬ ಅಭಿಮಾನಿಯೂ ಪುಂಡನಾಗಿ ಕಾಣತೊಡಗಿದ.

ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 15, ಶೆಫೀಲ್ಡಿನ ಹಿಲ್ಸ್‌ಬರೊ. ಲಿವರ್‌ಪೂಲ್ ತಂಡದ ಪಂದ್ಯ, ಮೂರು ಗಂಟೆಗೆ. ಗೇಟಿನ ಹೊರಗೆ ನೂಕುನುಗ್ಗಲು. ಮೂರಕ್ಕೆ ಎಂಟು ನಿಮಿಷ ಇರುವಾಗ ಪೊಲೀಸರು 'ಸಿ' ಎಂಬ ದೊಡ್ಡ ಗೇಟು ತೆಗೆಸಿದರು. ಒಳಬಂದ ಜನರ ಕಣ್ಣಿಗೆ ನೇರ ಕಂಡದ್ದು ಒಂದೇ ಸುರಂಗ. ಅದು ಹೋಗಿ ಸೇರುವುದು ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ಎರಡು ಕಟಾಂಜನಗಳಿಗೆ, ಅಂದರೆ ನಿಂತು ನೋಡುವವರ ಬೇಲಿ ಕಟ್ಟಿದ ಅಂಕಣಗಳಿಗೆ. ಅಕ್ಕಪಕ್ಕದವುಗಳಲ್ಲಿ ಜಾಗವಿತ್ತು, ಆದರೆ ಅತ್ತ ತಿರುಗಿಸಲು ಸುರಂಗದ ಬಾಯಲ್ಲಿ ಒಬ್ಬರೂ ನಿಂತಿರಲಿಲ್ಲ. ಮುಂದೆ ಎತ್ತರದ ಕಬ್ಬಿಣದ ಬೇಲಿ, ಪುಂಡರು ಹಾರದಿರಲಿ ಎಂದು ಕಟ್ಟಿದ್ದು. ಬೇಲಿಗೆ ಒತ್ತಿ ಉಸಿರು ಕಟ್ಟಿದವರು ನಿಂತಲ್ಲೇ ಸತ್ತರು. ಒಟ್ಟು 97 ಜನ. ಕೊನೆಯವರು ಆ ದಿನದ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ಆಗಿನಿಂದಲೇ ಪೊಲೀಸರು ಕುಡಿದ ಅಭಿಮಾನಿಗಳದೇ ತಪ್ಪು ಎಂಬ ಸುದ್ದಿ ಹಬ್ಬಿಸತೊಡಗಿದರು. ಅದನ್ನು ಮುಖಪುಟದಲ್ಲಿ ಅಚ್ಚು ಹಾಕಿದ ಪತ್ರಿಕೆಯನ್ನು ಲಿವರ್‌ಪೂಲಿನ ಬಹಳ ಜನ ಇಂದಿಗೂ ಮುಟ್ಟುವುದಿಲ್ಲ. ಅಭಿಮಾನಿಗಳ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ ಸತ್ತವರ ತಾಯಂದಿರು ಕೋರ್ಟು ಅಲೆದರು.

2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗಿನಲ್ಲಿಯೂ ಹಾಗೇ. ಎದುರು ತಂಡದ ಅಭಿಮಾನಿಗಳನ್ನು ಒಳಗೇ ಬಿಟ್ಟಿರಲಿಲ್ಲ. ಸೋತ ಸಿಟ್ಟಿಗೆ ಕೆಲವರು ಮೈದಾನಕ್ಕಿಳಿದರು; ಪೊಲೀಸರು ಗ್ಯಾಲರಿಗೇ ಅಶ್ರುವಾಯು ಹೊಡೆದರು. ಇಕ್ಕಟ್ಟಾದ ಬಾಗಿಲುಗಳ ಹತ್ತಿರ ಸಿಕ್ಕಿ ಸತ್ತವರು 135. ಆದ್ದರಿಂದ ನಿಮ್ಮಣ್ಣನಿಗೆ ಹೇಳಿ: ಪುಂಡರು ಇದ್ದಾರೆ, ಅವರಿಗೆ ಶಿಕ್ಷೆಯಾಗಲಿ. ಆದರೆ ಹತ್ತು ಪುಂಡರ ಸಲುವಾಗಿ ಹತ್ತು ಸಾವಿರ ಜನರನ್ನು ದನದ ಹಾಗೆ ದೊಡ್ಡಿಗೆ ತುಂಬಬಾರದು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಗೆಳೆಯರ ಜೊತೆ ಬೆಂಗಳೂರಿಗೆ ಹೋಗಿ ಕೇರಳದ ತಂಡದ ವಿರುದ್ಧ ಬೆಂಗಳೂರು ಎಫ್‌ಸಿ ಪಂದ್ಯ ನೋಡ್ತೀನಿ ಅಂತ ಹಟ ಹಿಡಿದಿದ್ದಾನೆ. ಕಳಿಸಲೋ ಬೇಡವೋ?
– ಒಬ್ಬ ತಂದೆ, ಸಂಡೂರು

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರಲ್ಲ, ಅವರು ಯಾರ ಜೊತೆಗೂ ಜಗಳಕ್ಕೆ ಹೋದವರಲ್ಲ. ಗೆದ್ದ ಖುಷಿಗೆ ಹೋದವರು.

ಆದರೂ ಕಳಿಸಿ ಅನ್ನುತ್ತೇನೆ, ಆದರೆ ಒಬ್ಬ ದೊಡ್ಡವರು ಜೊತೆಗಿರಲಿ. ಬೆಂಗಳೂರಿನ 'ವೆಸ್ಟ್ ಬ್ಲಾಕ್ ಬ್ಲೂಸ್' ಮತ್ತು ಕೇರಳದ 'ಮಂಜಪ್ಪಡ' ಗುಂಪುಗಳ ಪೈಪೋಟಿ ಜೋರಾಗಿಯೇ ಇದೆ. 2023ರ ಮಾರ್ಚ್ 3ರಂದು ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಒಪ್ಪದೆ ಕೇರಳ ತಂಡ ಮೈದಾನ ಬಿಟ್ಟು ನಡೆದ ಮೇಲಂತೂ ಇನ್ನೂ ಹೆಚ್ಚು. ಆ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯದ ನಿಷೇಧ ಬಿತ್ತು. ಹುಡುಗನಿಗೆ ನಾಲ್ಕು ಮಾತು ಹೇಳಿ ಕಳಿಸಿ. ಟಿಕೆಟ್ ಕೈಯಲ್ಲಿಲ್ಲದೆ ಗೇಟಿನ ಹತ್ತಿರ ಸುಳಿಯಬೇಡ. ಒಂದೂವರೆ ತಾಸು ಮುಂಚೆ ಒಳಗೆ ಕೂತುಬಿಡು. ಹಿಂದಿನಿಂದ ನೂಕು ಹೆಚ್ಚಿತೆಂದರೆ ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿದು, ಎದುರು ಬೀಳದೆ ಜನ ಹರಿದ ಕಡೆಗೇ ಓರೆಯಾಗಿ ಅಂಚಿಗೆ ಸರಿ. ಬಿದ್ದ ಮೊಬೈಲ್, ಚಪ್ಪಲಿಗೆ ಬಗ್ಗಬೇಡ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ತಡವಾಗುತ್ತದೆಂದು ಸೀಟಿ ಊದುವ ಮೊದಲೇ ಓಡುವ ಹಾಗೆ ಆಗದಿರಲಿ, ಮರುದಿನದ ಟಿಕೆಟ್ ಮಾಡಿಸಿ.

ಪ್ರಶ್ನೆ: ಬೆಂಗಳೂರು ಎಫ್‌ಸಿ ಮಾಲೀಕರ ಕಾರ್ಖಾನೆ ನಮ್ಮ ಜಿಲ್ಲೆಯದು, ಹುಡುಗರು ತರಬೇತಿ ಪಡೆದದ್ದೂ ಇಲ್ಲೇ. ಹಾಗಾದರೆ ತಂಡ ನಮ್ಮದು ಅನ್ನಬಹುದಾ?
– ಓದುಗ, ಕುರುಗೋಡು

ಉತ್ತರ: ಧಾರಾಳವಾಗಿ ಅನ್ನಿ. ಆದರೆ ಅಮೆರಿಕದಲ್ಲಿ ಹಾಗೆ ಅಂದುಕೊಂಡವರ ಕೈಯಿಂದ ಮಾಲೀಕರು ತಂಡವನ್ನೇ ಕಿತ್ತುಕೊಂಡು ಹೋದದ್ದುಂಟು. ಬ್ರೂಕ್ಲಿನ್ನಿನ ಬೇಸ್‌ಬಾಲ್ ತಂಡ ಡಾಜರ್ಸ್ 1957ರ ಋತು ಮುಗಿಸಿ ಲಾಸ್ ಏಂಜಲೀಸಿಗೆ ಹೋಯಿತು, ಸಿಯಾಟಲ್‌ನ ಬ್ಯಾಸ್ಕೆಟ್‌ಬಾಲ್ ತಂಡ 2008ರಲ್ಲಿ ಒಕ್ಲಹೋಮಾ ಸಿಟಿಗೆ. ಕ್ಲೀವ್‌ಲ್ಯಾಂಡಿನವರು ಅತ್ತರೂ ಅವರ ಅಮೆರಿಕನ್ ಫುಟ್‌ಬಾಲ್ ತಂಡ 1996ರಲ್ಲಿ ಬಾಲ್ಟಿಮೋರಿಗೆ ಹೋಗಿಯೇ ಹೋಯಿತು. ಇಂಗ್ಲೆಂಡಿನಲ್ಲೂ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿಗೆ ಸಿಕ್ಕಿತು. ಅಲ್ಲಿನ ಅಭಿಮಾನಿಗಳು 2002ರಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಊರಿನ ಬಯಲಲ್ಲಿ ಹುಡುಗರನ್ನು ಕರೆದು ಆಡಿಸಿ ತಂಡ ಆರಿಸಿ, ಒಂಬತ್ತನೇ ದರ್ಜೆಯಿಂದ ಶುರು ಮಾಡಿ, 2011ಕ್ಕೆ ವೃತ್ತಿಪರ ಲೀಗಿಗೆ ಏರಿದರು. 2020ರಲ್ಲಿ ಹಳೆಯ ಪ್ಲೌ ಲೇನ್ ರಸ್ತೆಯಲ್ಲೇ ಹೊಸ ಮೈದಾನ ಕಟ್ಟಿಕೊಂಡು ವಾಪಸ್ ಬಂದರು. ನಿಮ್ಮ ಕುರುಗೋಡಿನಲ್ಲೂ ಒಂದು ತಂಡ ಇದ್ದೀತಲ್ಲ? ಭಾನುವಾರ ಅವರ ಪಂದ್ಯಕ್ಕೂ ಹೋಗಿ ನಿಲ್ಲಿ.