ಕ್ಷಾಮ ಘೋಷಣೆಯಾಗುವ ತನಕ ಕಾಯಬೇಡಿ

ಅಂತರರಾಷ್ಟ್ರೀಯ ನೆರವು ಸಂಸ್ಥೆಗಳ ಬಗ್ಗೆ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಉದ್ದದ ಉತ್ತರ ಬೇಕು. ಉಳಿದವನ್ನು ಬೇಗ ಮುಗಿಸುತ್ತೇನೆ.

ಮಗನಿಗೆ ವಿಶ್ವಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ, ವೀಸಾ ಖರ್ಚಿಗೆ 45 ಸಾವಿರ ಕಟ್ಟಿ ಎಂದು ಇಮೇಲ್ ಬಂದಿದೆ. ಕಟ್ಟಬಹುದೇ?

ಕಟ್ಟಬೇಡಿ. ಅರ್ಜಿ, ಸಂದರ್ಶನ, ತರಬೇತಿ, ಯಾವುದಕ್ಕೂ ವಿಶ್ವಸಂಸ್ಥೆ ಒಂದು ಪೈಸೆ ಕೇಳುವುದಿಲ್ಲ. ಕೇಳಿದವನು ಕಳ್ಳ. ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಳೆಯ ಬಟ್ಟೆ, ಹಾಲಿನ ಪುಡಿ ಸಂಗ್ರಹಿಸಿದ್ದೇವೆ. ಯಾವ ಸಂಸ್ಥೆಗೆ ಕಳಿಸಬೇಕು?

ಯಾರಿಗೂ ಬೇಡ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆ ಬದಿಗಳಲ್ಲಿ ಹಳೇ ಬಟ್ಟೆಯ ರಾಶಿ ಬಿದ್ದಿತ್ತು. ಅದನ್ನು ಎತ್ತಿ ಸಾಗಿಸುವುದೇ ಇನ್ನೊಂದು ಕೆಲಸವಾಯಿತು. ಹಾಲಿನ ಪುಡಿಯಂತೂ ಅಪಾಯ. ಶುದ್ಧ ನೀರಿಲ್ಲದ ಕಡೆ ಬಾಟಲಿ ಹಾಲು ಕುಡಿದ ಕೂಸಿಗೆ ವಾಂತಿ ಭೇದಿ ಶುರುವಾಗುತ್ತದೆ, ತಾಯಿಯ ಎದೆಹಾಲೂ ನಿಂತುಹೋಗುತ್ತದೆ. ‘ಮಗುವಿಗೆ ಒಂದು ಡಬ್ಬಿ ಹಾಲು’ ಎಂದು ಹಣ ಎತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2011ರ ಸೊಮಾಲಿಯಾ ಕ್ಷಾಮ ಮೊದಲೇ ಗೊತ್ತಿತ್ತಂತೆ. ಆದರೂ ಅಷ್ಟೊಂದು ಜನ ಸತ್ತರು. ಈ ಸಂಸ್ಥೆಗಳೆಲ್ಲ ಏನು ಮಾಡುತ್ತಿದ್ದವು?

ನೋಡುತ್ತಿದ್ದವು, ವರದಿ ಬರೆಯುತ್ತಿದ್ದವು, ಹಣ ಕೇಳುತ್ತಿದ್ದವು. ಮಳೆ ಕೈಕೊಡಬಹುದು ಎಂಬ ಮೊದಲ ಎಚ್ಚರಿಕೆ ಬಂದದ್ದು 2010ರ ಆಗಸ್ಟ್‌ನಲ್ಲಿ. ಅಕ್ಟೋಬರ್–ಡಿಸೆಂಬರ್ ಮಳೆ ಹೋಯಿತು, ಮುಂದಿನ ಏಪ್ರಿಲ್–ಜೂನ್ ಮಳೆಯೂ ಹೋಯಿತು. ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮವಿದೆ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ರಂದು. ಹಣ ಹರಿದು ಬಂದದ್ದು ಆಮೇಲೆ.

ಆ ಘೋಷಣೆಯನ್ನು ಎಚ್ಚರಿಕೆಯ ಗಂಟೆ ಎಂದು ಜನ ತಿಳಿದಿದ್ದಾರೆ. ಅಲ್ಲ. ಕ್ಷಾಮ ಎನ್ನಬೇಕಾದರೆ ಮೂರು ಗೆರೆ ದಾಟಬೇಕು. ಐದರಲ್ಲೊಂದು ಮನೆಗಾದರೂ ಊಟದ ದಾರಿಯೇ ಇರಬಾರದು. ಶೇ 30ಕ್ಕಿಂತ ಹೆಚ್ಚು ಮಕ್ಕಳು ತೀವ್ರವಾಗಿ ಸೊರಗಿರಬೇಕು. ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರಾದರೂ ಸಾಯುತ್ತಿರಬೇಕು. ಮೂರನೆಯದನ್ನು ಇನ್ನೊಮ್ಮೆ ಓದಿ. ಆಗ ಸಾವಿನ ಲೆಕ್ಕ ಸಿಗದೆ ಘೋಷಣೆ ಇರಲಿಲ್ಲ. ಸೊಮಾಲಿಯಾದಲ್ಲಿ ಸತ್ತವರು ಸುಮಾರು 2,58,000, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಒಟ್ಟು ಸಾವಿನಲ್ಲಿ ಅರ್ಧದಷ್ಟು ಘೋಷಣೆಗೆ ಮೊದಲೇ ಆಗಿಹೋಗಿತ್ತು.

ಆ ವರ್ಷ ನಾನು ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದಲ್ಲಿದ್ದೆ. ಗಡಿ ದಾಟಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ಮೂರು ಬಣ್ಣದ ಒಂದು ಪಟ್ಟಿ. ಮಗುವಿನ ಎಡ ರಟ್ಟೆಗೆ ಸುತ್ತಬೇಕು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ಪ್ರಾಣಾಪಾಯ. ಒಂದು ಮಧ್ಯಾಹ್ನ ಹಸಿರು ಬಂದೀತೆಂದು ಕಾದೆ, ಸಂಜೆಯಾದರೂ ಬರಲಿಲ್ಲ. ಒಬ್ಬ ತಾಯಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತನ್ನ ಮಗುವಿಗೆ ಇನ್ನೊಮ್ಮೆ ತಾನೇ ಸುತ್ತಿ ನೋಡಿದಳು. ಕೊಡಲು ನಮ್ಮಲ್ಲಿದ್ದದ್ದು ಶೇಂಗಾ ಪೇಸ್ಟಿನ ಪುಟ್ಟ ಪೊಟ್ಟಣ, 92 ಗ್ರಾಂ, 500 ಕ್ಯಾಲೊರಿ. ಅದು ಕೆಲಸ ಮಾಡುತ್ತದೆ. ಆರು ತಿಂಗಳು ಮೊದಲೇ ಆಕೆಯ ಊರಿಗೆ ಜೋಳ ತಲುಪಿದ್ದರೆ ಆ ಪೊಟ್ಟಣ ಬೇಕೇ ಆಗುತ್ತಿರಲಿಲ್ಲ.

ಯಾಕೆ ತಲುಪಲಿಲ್ಲ? ಸಶಸ್ತ್ರ ಉಗ್ರರ ಗುಂಪು ಅಲ್-ಶಬಾಬ್ ಹಿಡಿತದ ಊರುಗಳಿಂದ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 2010ರ ಜನವರಿಯಲ್ಲೇ ಹೊರಬರಬೇಕಾಯಿತು. ಆ ಗುಂಪಿಗೆ ಒಂದು ಮೂಟೆ ಸೇರಿದರೂ ಕೇಸು ಬೀಳುತ್ತದೆಂಬ ಭಯ ಅಮೆರಿಕದ ಕಾನೂನಿನಿಂದ ಎಲ್ಲ ಸಂಸ್ಥೆಗಳಿಗೂ ಇತ್ತು. ಅಮೆರಿಕ ಅದನ್ನು ಸಡಿಲಿಸಿದ್ದು ಘೋಷಣೆಯ ಮೇಲೆ, ಆಗಸ್ಟ್‌ನಲ್ಲಿ. ಇನ್ನು ಹಣ. ಈ ಕಾರ್ಯಕ್ರಮಕ್ಕೆ ಸದಸ್ಯ ದೇಶಗಳ ಕಡ್ಡಾಯ ವಂತಿಗೆ ಇಲ್ಲ, ಪ್ರತಿ ಕಾಳೂ ಯಾರೋ ಇಷ್ಟಪಟ್ಟು ಕೊಟ್ಟದ್ದು. ಕೊಟ್ಟವರಲ್ಲಿ ಹೆಚ್ಚಿನವರು ‘ಈ ದೇಶಕ್ಕೆ, ಈ ಕೆಲಸಕ್ಕೆ’ ಎಂದು ಚೀಟಿ ಅಂಟಿಸಿಯೇ ಕೊಡುತ್ತಾರೆ. ಪಕ್ಕದ ದೇಶದಲ್ಲಿ ಮಕ್ಕಳು ಸಾಯುತ್ತಿದ್ದರೂ ಆ ಹಣ ಅತ್ತ ತಿರುಗುವುದಿಲ್ಲ. ಅಮೆರಿಕದಿಂದ ಹಡಗಿನಲ್ಲಿ ಧಾನ್ಯ ಬರಲು ನಾಲ್ಕರಿಂದ ಆರು ತಿಂಗಳು ಬೇಕು. ಒಣಗಿದ ಹೊಲದ ಫೋಟೊಗೆ ಯಾವ ಸಂಸತ್ತೂ ಹಣ ಮಂಜೂರು ಮಾಡುವುದಿಲ್ಲ, ಎಲುಬು ಕಾಣುವ ಮಗುವಿನ ಫೋಟೊಗೆ ಮಾಡುತ್ತದೆ. ಸಂಸ್ಥೆಗಳಿಗೂ ಅದು ಗೊತ್ತು. ಅವರೂ ಆ ಫೋಟೊಗಾಗಿ ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಬೇರೆ ದಾರಿ ಇದೆಯೇ? ಇದೆ. 2017ರಲ್ಲಿ ಅದೇ ಸೊಮಾಲಿಯಾದಲ್ಲಿ ಮತ್ತೆ ಮಳೆ ಹೋಯಿತು, ಅಲ್-ಶಬಾಬ್ ಅಲ್ಲೇ ಇತ್ತು. ಆ ಸಲ ವರ್ಷದ ಆರಂಭದಲ್ಲೇ ಹಣ ಬಂತು, ಬಹಳಷ್ಟು ಮನೆಗಳಿಗೆ ಮೊಬೈಲ್ ಮೂಲಕವೇ ತಲುಪಿತು. ಸಂತೆಯಲ್ಲಿ ಕಾಳು ಇತ್ತು, ಜನ ಕೊಂಡರು. ಸಾವುಗಳಾದವು, ಆದರೆ 2011ರಂತೆ ಆಗಲಿಲ್ಲ.

2018ರ ಕೇರಳ ನೆರೆಗೆ ಹೊರದೇಶದ ಸರ್ಕಾರಗಳ ಹಣ ಬೇಡ ಎಂದು ಕೇಂದ್ರ ಸರ್ಕಾರ ಹೇಳಿತಲ್ಲ, ಸಂಸ್ಥೆಗಳು ತಾವೇ ನುಗ್ಗಬಾರದಿತ್ತೇ?

ನುಗ್ಗುವಂತಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯ 1991ರ 46/182 ನಿರ್ಣಯದ ಪ್ರಕಾರ ಆಯಾ ದೇಶದ ಒಪ್ಪಿಗೆ ಬೇಕು.

ನಾನು ಕೊಟ್ಟದ್ದರಲ್ಲಿ ಶೇಕಡಾ ಎಷ್ಟು ಸಂಬಳಕ್ಕೆ ಹೋಗುತ್ತದೆ?

ಈ ಪ್ರಶ್ನೆ ಬಿಡಿ. ಪಟ್ಟಿ ಹಿಡಿದು ಮಗುವಿನ ರಟ್ಟೆ ಅಳೆಯುವವಳದ್ದೂ ಸಂಬಳವೇ, ಗೋದಾಮು ಕಾಯುವವನದ್ದೂ ಸಂಬಳವೇ. ‘ನೂರಕ್ಕೆ ನೂರು ಬಡವರಿಗೆ’ ಎನ್ನುವವರಿಂದ ದೂರ ಇರಿ. ಆಡಿಟ್ ಆದ ಲೆಕ್ಕ ಬಹಿರಂಗವಾಗಿದೆಯೇ, ಹೋದ ವರ್ಷ ಎಲ್ಲಿ ಸೋತೆವು ಎಂದು ಬರೆದಿದ್ದಾರೆಯೇ, ಇಷ್ಟು ನೋಡಿ. ಆಮೇಲೆ ಫಾರಂನಲ್ಲಿ ‘ಯಾವ ಉದ್ದೇಶಕ್ಕೆ’ ಎಂಬ ಜಾಗವನ್ನು ಖಾಲಿ ಬಿಟ್ಟು ಕೊಡಿ. ಟಿವಿಯಲ್ಲಿ ಇನ್ನೂ ಏನೂ ಬಾರದ ತಿಂಗಳಲ್ಲಿ ಕೊಡಿ.