ವಾನ್ ಡರ್ ಪೂಲ್ ಗೆಲುವುಗಳಲ್ಲಿ 1990 ಹೇಗೆ ಬಂತು?

ನೀವು ಮಾಡಿದ ಗೆಲುವುಗಳ ಪಟ್ಟಿಯಲ್ಲಿ, 1995ರಲ್ಲಿ ಹುಟ್ಟಿದ ಸೈಕಲ್ ಸ್ಪರ್ಧಿ ಮ್ಯಾಥ್ಯೂ ವಾನ್ ಡರ್ ಪೂಲ್ ಹೆಸರಿನಲ್ಲಿ 1990ರ ಆಮ್‌ಸ್ಟೆಲ್ ಗೋಲ್ಡ್ ರೇಸ್ ಗೆಲುವು ಕಾಣುತ್ತಿದೆ ಎಂದರೆ ಅಪ್ಪ, ಮಗನ ದಾಖಲೆಗಳು ಬೆರೆತಿರಬೇಕು. ನಿಮ್ಮ ಪಟ್ಟಿಯನ್ನು ಪೂರ್ತಿ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ನನ್ನ ಪಟ್ಟಿಯಲ್ಲಿ ಆಗಿದ್ದು ಇದೇ. ಆ ಗೆಲುವು ತಂದೆ ಆಡ್ರಿಯದು.

ಮೊದಲು ಎಲ್ಲವನ್ನೂ ಇಸವಿಯ ಪ್ರಕಾರ ಜೋಡಿಸಿ, 2000ಕ್ಕಿಂತ ಹಿಂದಿನದನ್ನು ಆಡ್ರಿಗೆ ಬಿಡಿ. ಬಳಿಕ ಇಬ್ಬರೂ ಗೆದ್ದ ಸ್ಪರ್ಧೆಗಳನ್ನು ಒಂದೊಂದಾಗಿ ನೋಡಿ, ಎಡವುವುದು ಅಲ್ಲೇ. ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ 1986 ತಂದೆಯದು; 2020, 2022, 2024 ಮಗನದು. ಆಮ್‌ಸ್ಟೆಲ್‌ನಲ್ಲಿ ಮಗ ಗೆದ್ದದ್ದು 2019ರಲ್ಲಿ. ಕೊನೆಯ ಕ್ಷಣದಲ್ಲಿ ಹಿಂದಿನಿಂದ ನುಗ್ಗಿ ಬಂದ ಆ ಅದ್ಭುತ ಗೆಲುವನ್ನು ದಯವಿಟ್ಟು ಅಳಿಸಿಬಿಡಬೇಡಿ! ಸೈಕ್ಲೋಕ್ರಾಸ್ (ಕೆಸರು, ಹುಲ್ಲಿನ ಹಾದಿಯ ಸೈಕಲ್ ರೇಸ್) ವಿಶ್ವ ಪಟ್ಟದಲ್ಲಿ 1996 ಆಡ್ರಿಯದು, 2015 ಮ್ಯಾಥ್ಯೂನ ಮೊದಲನೆಯದು. ಕೊನೆಗೆ ಆಡ್ರಿ, ಮ್ಯಾಥ್ಯೂ ಎಂಬ ಮೊದಲ ಹೆಸರಿಗೆ ಬೇರೆ ಕಾಲಂ ಮಾಡಿ.