ದೂರದರ್ಶಕವಿಲ್ಲದೆ ಟೈಕೋ ಬ್ರಾಹೆ ಸಾಧಿಸಿದ್ದೇನು?

ಪ್ರಶ್ನೆ: ಟೈಕೋ ಬ್ರಾಹೆ ಬಳಿ ದೂರದರ್ಶಕ ಇರಲಿಲ್ಲ. ಭೂಮಿ ಚಲಿಸುತ್ತದೆ ಎಂಬುದನ್ನೂ ಆತ ಒಪ್ಪಲಿಲ್ಲ. ಆದರೂ ಆತನನ್ನು ಮಹಾನ್ ಖಗೋಳ ವಿಜ್ಞಾನಿ ಎನ್ನುವುದೇಕೆ?
– ಪಿಯುಸಿ ವಿದ್ಯಾರ್ಥಿನಿ

ಉತ್ತರ: ಅಳತೆಗಾಗಿ. ಸೂರ್ಯ ಭೂಮಿಯನ್ನೂ ಉಳಿದ ಗ್ರಹಗಳು ಸೂರ್ಯನನ್ನೂ ಸುತ್ತುತ್ತವೆ ಎಂಬ ಟೈಕೋನ ಸಿದ್ಧಾಂತ ಬಿದ್ದುಹೋಯಿತು. ಆತ ಬರೆದಿಟ್ಟ ಅಂಕಿಗಳು ಉಳಿದವು.

1572ರ ನವೆಂಬರ್ 11ರ ಸಂಜೆ ಕುಂತಿ ನಕ್ಷತ್ರಪುಂಜದಲ್ಲಿ, ಶುಕ್ರನಷ್ಟು ಹೊಳೆಯುವ ಹೊಸ ತಾರೆಯೊಂದು ಆತನ ಕಣ್ಣಿಗೆ ಬಿತ್ತು. ಚಂದ್ರನಿಂದಾಚೆ ಯಾವುದೂ ಬದಲಾಗದು ಎಂಬ ಅರಿಸ್ಟಾಟಲನ ಮಾತೇ ಪ್ರಮಾಣವಾಗಿದ್ದ ಕಾಲ ಅದು. ಆ ತಾರೆ ಚಂದ್ರನಿಗಿಂತ ಹತ್ತಿರವಿದ್ದಿದ್ದರೆ, ರಾತ್ರಿ ಕಳೆದಂತೆ ಅಕ್ಕಪಕ್ಕದ ನಕ್ಷತ್ರಗಳ ನಡುವೆ ಅದರ ಸ್ಥಾನ ಸ್ವಲ್ಪವಾದರೂ ಸರಿಯಬೇಕಿತ್ತು. ಟೈಕೋ ಮತ್ತೆ ಮತ್ತೆ ಅಳೆದ, ಅದು ಕದಲಲಿಲ್ಲ. 1577ರ ಧೂಮಕೇತುವೂ ಚಂದ್ರನಿಂದಾಚೆಯದು ಎಂದು ಇದೇ ರೀತಿ ತೋರಿಸಿದ.

ಡೆನ್ಮಾರ್ಕಿನ ದೊರೆ ಎರಡನೇ ಫ್ರೆಡರಿಕ್ 1576ರಲ್ಲಿ ಹ್ವೇನ್ ದ್ವೀಪವನ್ನು ಕೊಟ್ಟ ಮೇಲೆ ನಿಜವಾದ ಕೆಲಸ ಶುರುವಾಯಿತು. ಅಲ್ಲಿನ ಉರಾನಿಬೋರ್ಗ್ ವೀಕ್ಷಣಾಲಯದ ಗೋಡೆಯೊಂದಕ್ಕೆ ಸುಮಾರು ಎರಡು ಮೀಟರ್ ತ್ರಿಜ್ಯದ ಕೋನ ಅಳೆಯುವ ಹಿತ್ತಾಳೆಯ ಕಾಲುವೃತ್ತ ಕೂರಿಸಿದ್ದರು. ಪಕ್ಕದ ಗೋಡೆಯ ಕಿಂಡಿಯಲ್ಲಿ ನಕ್ಷತ್ರ ಹಾಯುವಾಗ ಒಬ್ಬ ಕೋನ ನೋಡಿ ಹೇಳುತ್ತಿದ್ದ, ಇನ್ನೊಬ್ಬ ಗಡಿಯಾರ ನೋಡುತ್ತಿದ್ದ, ಮತ್ತೊಬ್ಬ ಬರೆದುಕೊಳ್ಳುತ್ತಿದ್ದ. ಡಿಗ್ರಿಯ ಗೆರೆಗಳ ನಡುವೆ ಓರೆಯಾಗಿ ಕೊರೆದ ಚುಕ್ಕಿಗಳಿಂದ ಸಣ್ಣ ಭಾಗಗಳನ್ನೂ ಓದಬಹುದಿತ್ತು. ಗಾಳಿಗೆ ಉಪಕರಣಗಳು ಅಲುಗುತ್ತವೆಂದು, ಪಕ್ಕದಲ್ಲೇ ನೆಲದಡಿ ಗುಂಡಿ ತೋಡಿಸಿ ಸ್ಟೆರ್ನೆಬೋರ್ಗ್ ಎಂಬ ಇನ್ನೊಂದು ವೀಕ್ಷಣಾಲಯ ಕಟ್ಟಿಸಿದ. ವಾತಾವರಣದಲ್ಲಿ ಬೆಳಕು ಬಾಗುವುದನ್ನೂ ಲೆಕ್ಕಕ್ಕೆ ಹಿಡಿದ. ಹೀಗೆ ಆತನ ಒಳ್ಳೆಯ ಅಳತೆಗಳಲ್ಲಿ ತಪ್ಪು ಸುಮಾರು ಒಂದು ಕಲೆಗೆ, ಅಂದರೆ ಡಿಗ್ರಿಯ 60ನೇ ಒಂದು ಭಾಗಕ್ಕೆ, ಇಳಿಯಿತು. ಬರಿಗಣ್ಣಿನ ಕೆಲಸ ಇದೆಂದು ನೆನೆದಾಗಲೆಲ್ಲ ನನಗೆ ಆತನ ಮೇಲಿನ ಗೌರವ ಹೆಚ್ಚುತ್ತದೆ.

ಟೈಕೋ 1601ರಲ್ಲಿ ಪ್ರಾಗ್‌ನಲ್ಲಿ ತೀರಿಕೊಂಡ. ಆತನ ದಾಖಲೆಗಳು ಸಹಾಯಕ ಕೆಪ್ಲರನ ಕೈಸೇರಿದವು. ಮಂಗಳ ವೃತ್ತಾಕಾರದಲ್ಲಿ ಸುತ್ತುತ್ತದೆಂದು ಕೆಪ್ಲರ್ ಹಾಕಿದ ಲೆಕ್ಕಕ್ಕೂ ಟೈಕೋನ ಅಂಕಿಗಳಿಗೂ 8 ಕಲೆಗಳಷ್ಟು ವ್ಯತ್ಯಾಸ ಬಂತು. ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ ಅಷ್ಟೆ. ಟೈಕೋ ಅಷ್ಟು ತಪ್ಪುವವನಲ್ಲ ಎಂಬ ಭರವಸೆಯಿಂದ ಕೆಪ್ಲರ್ ತನ್ನ ಲೆಕ್ಕವನ್ನೇ ಕೈಬಿಟ್ಟ. 1609ರಲ್ಲಿ ಮಂಗಳನ ಪಥ ದೀರ್ಘವೃತ್ತವೆಂದು ಪ್ರಕಟಿಸಿದ.

ಇನ್ನು ಭೂಮಿಯ ಚಲನೆ. ಟೈಕೋ ಅದನ್ನು ಒಪ್ಪದಿರಲು ಒಂದು ಮುಖ್ಯ ಕಾರಣವೂ ಅಳತೆಯೇ. ಭೂಮಿ ಸೂರ್ಯನನ್ನು ಸುತ್ತುವುದಾದರೆ ವರ್ಷದುದ್ದಕ್ಕೂ ನಕ್ಷತ್ರಗಳು ತುಸು ಅತ್ತಿತ್ತ ಸರಿದಂತೆ ಕಾಣಬೇಕು. ಆತನಿಗೆ ಅದು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ: ಅತಿ ಹತ್ತಿರದ ನಕ್ಷತ್ರದಲ್ಲೂ ಈ ಪಲ್ಲಟ ಕಲೆಯ 60ನೇ ಒಂದು ಭಾಗಕ್ಕಿಂತ ಕಡಿಮೆ. ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ಒಂದು ನಕ್ಷತ್ರದ ಪಲ್ಲಟವನ್ನು ಅಳೆದು ಪ್ರಕಟಿಸಿದ್ದು 1838ರಲ್ಲಿ, ಅದೂ ದೂರದರ್ಶಕದ ನೆರವಿನಿಂದ.